ಹಿಟ್ಟಿನ ಡಬ್ಬದೊಳಗಿನ ಕತ್ತರಿ

ನನ್ನ ಕತ್ತರಿ ಹಿಟ್ಟಿನ ಡಬ್ಬದಲ್ಲಿದೆ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಚ್ಚಿಟ್ಟ ಅಮ್ಮನಿಗೆ ಗೊತ್ತು, ಕಂಡೂ ಕಾಣದವನಂತಿದ್ದ ತಮ್ಮನಿಗೆ ಗೊತ್ತು, ನನಗಂತೂ ಮೊದಲ ದಿನವೇ ಗೊತ್ತಾಯಿತು. ಕೈ ಹಾಕಿ ತೆಗೆದುಕೊಳ್ಳಬಹುದಿತ್ತು. ಆದರೆ ಇಟ್ಟವರೇ ತೆಗೆದುಕೊಡಬೇಕು ಅನ್ನುವ ಹಟ ನನ್ನದು. ಹಟದಲ್ಲಿ ನಾನು ಅಮ್ಮನ ಮಗಳೇ.

ನಾನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಉದ್ದನೆಯ ಮೇಜಿನ ಮೇಲೆ ಬಟ್ಟೆ ಹಾಸಿ, ತೋಳು, ಕಾಲರು, ಜೇಬುಗಳ ಅಚ್ಚನ್ನು ತಲೆಯೊಳಗೇ ಅತ್ತ ಇತ್ತ ತಿರುಗಿಸಿ, ಚೂರೂ ದಂಡವಾಗದಂತೆ ಜೋಡಿಸಬೇಕು. ಕತ್ತರಿ ನನ್ನ ಸ್ವಂತದ್ದು. ಅದರಲ್ಲಿ ಬಟ್ಟೆ ಬಿಟ್ಟು ಬೇರೇನಾದರೂ ಕತ್ತರಿಸಿದವರ ಗತಿ ಕೇಳಬೇಡಿ. ಒಮ್ಮೆ ತಮ್ಮ ಅದರಲ್ಲಿ ಹಾಲಿನ ಪೊಟ್ಟಣ ಕತ್ತರಿಸಿದ್ದಕ್ಕೆ ಅವನೊಡನೆ ವಾರವಿಡೀ ಮಾತು ಬಿಟ್ಟಿದ್ದೆ.

ನನಗೂ ತಮ್ಮನಿಗೂ ಸ್ಕಿಜೋಫ್ರೇನಿಯಾ. ಅವನಿಗೆ ಮೀಸೆ ಚಿಗುರುವ ಹೊತ್ತಿಗೇ ಬಂತು, ನನಗೆ ಮೂವತ್ತರ ಹತ್ತಿರ. "ಇದ್ರಲ್ಲಿ ನಾನೇ ಸೀನಿಯರ್ರು" ಎಂದು ರೇಗಿಸುತ್ತಾನೆ. ಮಾತ್ರೆ ನುಂಗಿಕೊಂಡು ಇಬ್ಬರೂ ಚೆನ್ನಾಗಿಯೇ ಇದ್ದೆವು. ನನಗೆ ಮಾತ್ರ ಕೇಳಿಸುವ ಒಂದು ದನಿಯಿದೆ, ಗೊಣಗುವ ಮುದುಕನದು. ಎಷ್ಟೋ ವರ್ಷ ತೆಪ್ಪಗಿದ್ದವನು ನನಗೆ ಐವತ್ತು ಸಮೀಪಿಸುವಾಗ ಮತ್ತೆ ವಕ್ಕರಿಸಿದ. 'ತಪ್ಪು ಕತ್ತರಿಸ್ತೀಯ, ನೋಡ್ತಿರು' ಎಂದು ಮೇಜಿನ ಪಕ್ಕ ನಿಂತು ತಲೆ ತಿನ್ನತೊಡಗಿದ. ಜೊತೆಗೆ ಮೈಯೆಲ್ಲ ಬಿಸಿ, ಬೆವರು, ನಿದ್ದೆಯಿಲ್ಲ. ಮಾತ್ರೆ ಒಂದೂ ತಪ್ಪಿಸಿಲ್ಲ ಅಂದರೆ ಅಮ್ಮ ನಂಬಬೇಕಲ್ಲ! ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಮನೆಯಲ್ಲೇ ರೇಗಿಹೋಗಿ, ಕೈಯಲ್ಲಿ ಕತ್ತರಿ ಹಿಡಿದೇ, "ಮುಚ್ಚೋ ಬಾಯಿ!" ಎಂದು ಮುದುಕನಿಗೆ ಅರಚಿದೆ. ಎದುರಿಗೆ ನಿಂತಿದ್ದವಳು ಅಮ್ಮ. ಕತ್ತರಿ ಮಾಯವಾದದ್ದು ಅಂದೇ.

ವಿಷಯ ಕಾರ್ಖಾನೆಗೂ ಮುಟ್ಟಿತು. ಮಾಲಕಿ ಕೆಟ್ಟವಳಲ್ಲ. "ಡಾಕ್ಟರು ಸರಿ ಅನ್ನೋವರೆಗೂ ಗುಂಡಿ ಹೊಲೀತಿರು. ನಿನ್ನ ಮೇಜು ಯಾರಿಗೂ ಕೊಡಲ್ಲ" ಎಂದಳು. ಗುಂಡಿ! ನಾನು! ಮೈ ಉರಿದುಹೋಯಿತು.

ನಮ್ಮ ಡಾಕ್ಟರಮ್ಮ ಆಗ ಒಂದು ಅಧ್ಯಯನ ನಡೆಸುತ್ತಿದ್ದರು. ಈ ಕಾಯಿಲೆಯಿರುವ ಗಂಡಸರ ಮಿದುಳೂ ಹೆಂಗಸರ ಮಿದುಳೂ ಒಂದೇ ಕೆಲಸವನ್ನು ಒಂದೇ ಥರ ಮಾಡುತ್ತವೆಯೇ, ಹಾರ್ಮೋನುಗಳಿಗೆ ಅದರಲ್ಲಿ ಏನು ಪಾತ್ರ ಎಂದು ನೋಡುವುದಂತೆ. ಅಕ್ಕ ತಮ್ಮ ಇಬ್ಬರೂ ಹೆಸರು ಕೊಟ್ಟೆವು. ಮೊದಲು ರಕ್ತ ತೆಗೆದರು.

"ಗಂಡಸರ ರಕ್ತದಲ್ಲೂ ಹೆಣ್ಣಿನ ಹಾರ್ಮೋನು ಇರುತ್ತಂತೆ ಕಣಕ್ಕ" ಎಂದ ತಮ್ಮ ಗಾಬರಿಯಿಂದ.

"ಅದಕ್ಕೇ ಇರ್ಬೇಕು, ನಿನಗೂ ಆಗಾಗ ಬುದ್ಧಿ ಬರೋದು."

ರಕ್ತ ತೆಗೆಯುತ್ತಿದ್ದ ನರ್ಸು ಕಿಸಕ್ಕನೆ ನಕ್ಕಳು.

ಆಮೇಲೆ ಕೊಳವೆಯಂಥ ಯಂತ್ರದೊಳಗೆ ಮಲಗಿಸಿ, ಚೌಕದ ತುಂಡುಗಳಿಂದ ಕಟ್ಟಿದ ಆಕೃತಿಗಳನ್ನು ಜೋಡಿ ಜೋಡಿಯಾಗಿ ತೋರಿಸಿದರು. ಎರಡೂ ಒಂದೇನಾ ಬೇರೆಯಾ ಎಂದು ತಲೆಯಲ್ಲೇ ತಿರುಗಿಸಿ ನೋಡಿ ಹೇಳಬೇಕು. ಅಯ್ಯೋ, ನಾನು ದಿನಬೆಳಗಾದರೆ ಮಾಡುವ ಕೆಲಸ! 'ತಪ್ಪು, ತಪ್ಪು' ಎಂದು ಮುದುಕ ಬಡಬಡಿಸಿದ. ಯಂತ್ರದ ದಡಬಡದ ಮುಂದೆ ಅವನ ಆಟ ನಡೆಯಲಿಲ್ಲ. ಎಷ್ಟೋ ದಿನಗಳ ಮೇಲೆ ನನ್ನ ಕೆಲಸ ನನ್ನ ಕೈಗೆ ಬಂದಂತಾಗಿ ಖುಷಿಯಾಯಿತು.

ಕೆಲವು ದಿನಗಳಾದ ಮೇಲೆ ಡಾಕ್ಟರಮ್ಮ ಅಮ್ಮನನ್ನೂ ಕೂರಿಸಿಕೊಂಡು ಮಾತಾಡಿದರು. "ಮಿದುಳಿನ ಚಿತ್ರ ಈಗಲೇ ಏನೂ ಹೇಳಲ್ಲ, ಎಷ್ಟೋ ಜನರದ್ದು ಸೇರಿಸಿ ನೋಡ್ಬೇಕು. ಆದ್ರೆ ನಿಮ್ಮ ರಕ್ತದ ವರದಿ ನೋಡಿ ಒಂದು ಅನುಮಾನ. ಮುಟ್ಟು ಸರಿಯಾಗಿ ಆಗ್ತಿದೆಯಾ?"

"ನಿಂತೇ ಹೋದ ಹಾಗಿದೆ."

"ಹೇಳ್ಲೇ ಇಲ್ವಲ್ರೀ!"

"ನೀವು ಕೇಳ್ಲೇ ಇಲ್ವಲ್ರೀ!"

ಡಾಕ್ಟರಮ್ಮ ನಕ್ಕುಬಿಟ್ಟರು. "ಸರಿ, ತಪ್ಪು ನಂದೇ. ಈಸ್ಟ್ರೊಜೆನ್ ಅಂತ ಹಾರ್ಮೋನು ಇದೆ. ಈ ಕಾಯಿಲೆಯಲ್ಲಿ ಕೆಲವು ಹೆಂಗಸರಿಗೆ ಅದು ಒಂದಿಷ್ಟು ಆಸರೆ ಆಗಿರ್ಬಹುದು. ಈ ವಯಸ್ಸಲ್ಲಿ ಅದು ಇಳಿಯುತ್ತೆ. ಆಗ ಹಳೇ ಮಾತ್ರೆ ಅಷ್ಟೇ ಸಾಕಾಗದೆ ಹೋಗ್ಬಹುದು. ಬದಲಾಯಿಸಿ ನೋಡೋಣ."

"ಹಾಗಾದ್ರೆ ಇವಳು ಮಾತ್ರೆ ಬಿಟ್ಟಿರ್ಲಿಲ್ವಾ?" ಎಂದಳು ಅಮ್ಮ.

"ಇಲ್ಲಮ್ಮ."

ಅಮ್ಮ ಸೀರೆಯ ಅಂಚನ್ನೇ ತಿರುವುತ್ತ ಕೂತಳು.

ಔಷಧಿ ಬದಲಾಯಿತು. ಮುದುಕನ ದನಿ ನಿಧಾನವಾಗಿ ಪಕ್ಕದ ಮನೆಯ ರೇಡಿಯೊದಷ್ಟು ಸಣ್ಣದಾಯಿತು. ಪೂರ್ತಿ ತೊಲಗಿಲ್ಲ, ಆದರೆ ಜೋರು ಹೋಯಿತು. "ಸೋಮವಾರದಿಂದ ಮೇಜಿಗೆ ಹೋಗಿ" ಎಂದರು ಡಾಕ್ಟರಮ್ಮ. ಮಾಲಕಿಯೂ ಆಗಲಿ ಎಂದಳು. ಕತ್ತರಿ ಮಾತ್ರ ಡಬ್ಬದಲ್ಲೇ ಇತ್ತು. ಡಾಕ್ಟರು ನಂಬಿದರೇನು, ಮಾಲಕಿ ನಂಬಿದರೇನು? ನನ್ನನ್ನು ಹೆತ್ತವಳು ನನಗೆ ಹೆದರುತ್ತಾಳೆ ಅನ್ನುವುದು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಡಬ್ಬದ ಮುಚ್ಚಳದ ಸದ್ದಾಯಿತು. ಹೋಗಿ ನೋಡಿದರೆ ಅಮ್ಮ ಹೆಗಲಿಗೆ ಟವೆಲ್ ಹೊದ್ದು ಸ್ಟೂಲಿನ ಮೇಲೆ ಕೂತಿದ್ದಾಳೆ. ಕೈಯಲ್ಲಿ ಕತ್ತರಿ.

"ಕೂದಲು ತೀರಾ ಉದ್ದ ಆಗಿದೆ. ಕತ್ತರಿಸು."

"ಇದ್ರಲ್ಲಾ? ಕೂದಲಿಗೆ ತಾಗಿಸಿದ್ರೆ ಮೊಂಡಾಗುತ್ತೆ ಕಣಮ್ಮ!"

"ಆದ್ರೆ ಸಾಣೆ ಹಿಡಿಸ್ಕೋ."

"ಹಾಲಿನ ಪೊಟ್ಟಣಕ್ಕೆ ನನ್ನ ಮಾನ ತೆಗೆದಿದ್ಳು, ಈಗ ನೋಡೋಣ" ಎಂದ ತಮ್ಮ ಬಾಗಿಲಲ್ಲಿ ನಿಂತು.

ಅಮ್ಮ ಕತ್ತರಿಯನ್ನು ನನ್ನ ಕೈಗಿತ್ತು, ನನಗೆ ಬೆನ್ನು ಹಾಕಿ, ತಲೆ ಬಗ್ಗಿಸಿದಳು. ಹಿಂಗತ್ತು ಪೂರ್ತಿ ನನ್ನೆದುರು. ಮುದುಕ ಏನಾದರೂ ಅಂದನೋ ಇಲ್ಲವೋ, ನನಗೆ ಗಮನವೇ ಇರಲಿಲ್ಲ.

"ಅಲ್ಲಾಡ್ಬೇಡ, ಓರೆಕೋರೆ ಆಗುತ್ತೆ" ಎಂದೆ.

"ಅಲ್ಲಾಡಲ್ಲ" ಎಂದು ಅಮ್ಮ ಕಣ್ಣು ಮುಚ್ಚಿಕೊಂಡಳು.

ಕತ್ತರಿಯ ಹಿಟ್ಟು ಅವಳ ಕತ್ತಿನ ಮೇಲೆ ಉದುರಿತು. ಊದಿ ಒರೆಸಿ, ಕತ್ತರಿಸತೊಡಗಿದೆ.