ಇಂದ್ರೇಶ್ ಮೇಷ್ಟ್ರು ಕೈಬಿಟ್ಟ ಒಂದು ‘ಶುಡ್’

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ‘ಬೇಕು’ ಅಂತ ಬರೆದೆ ನೋಡಿ, ಅಲ್ಲೇ ತಕರಾರು. ಇದು ಮಸ್ಟೋ, ಶುಡ್ಡೋ? ಕನ್ನಡದಲ್ಲಿ ಎರಡಕ್ಕೂ ಒಂದೇ ‘ಬೇಕು’. ಸಾಲದ್ದಕ್ಕೆ ಕಾಫಿ ಕೇಳುವುದಕ್ಕೂ ಅದೇ.

ಈ ವ್ಯತ್ಯಾಸ ನನಗೆ ಕಲಿಸಿದವರು ಇಂದ್ರೇಶ್ ಮೇಷ್ಟ್ರು. ಅರಸೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಕೊಬ್ಬರಿ ಮಂಡಿಯೊಂದರ ಮೇಲಿನ ಕೋಣೆಯಲ್ಲಿ ಹದಿನೇಳು ವರ್ಷ ಸ್ಪೋಕನ್ ಇಂಗ್ಲಿಷ್ ಕ್ಲಾಸು ನಡೆಸಿದವರು. ನಾನು ಶ್ಯಾಮಲಾ. ಅಲ್ಲಿ ಕಲಿತು ಈಗ ಹತ್ತಿರದ ಗಂಡಸಿ ಊರಿನ ಸ್ಕೂಲೊಂದರಲ್ಲಿ ಟೀಚರ್ ಆಗಿದ್ದೇನೆ. (ಕಥೆಗಾರ್ತಿಯೂ ಹೌದು. ಇದುವರೆಗೆ ನನ್ನ ಕಥೆಗಳನ್ನು ಪೂರ್ತಿ ಓದಿದವಳು ನಾನೊಬ್ಬಳೇ.)

೨

ಮೊದಲ ಡ್ರಾಫ್ಟು ತಮಾಷೆಯಾಗಿತ್ತು. ಅದರಲ್ಲಿ ಮೇಷ್ಟ್ರು ಕಿಟಕಿಯಿಂದ ಕೆಳಗೆ ಬಸ್ ಸ್ಟ್ಯಾಂಡ್ ತೋರಿಸಿ ಪಾಠ ಮಾಡುತ್ತಿದ್ದರು.

“ಬೇಲೂರಿನ ಬಸ್ಸು ಕಣ್ಣಿಗೆ ಕಾಣ್ತಾ ಇದ್ರೆ ವಿಲ್ ಕಮ್. ಟೈಮ್ ಆಗಿದ್ರೆ ಶುಡ್ ಕಮ್. ಕಂಟ್ರೋಲರ್ ಆಕಳಿಸ್ತಾ ಇದ್ರೆ ಮೇ ಕಮ್. ಕಂಟ್ರೋಲರೇ ಇಲ್ದಿದ್ರೆ ಮೈಟ್ ಕಮ್.”

ನಾವೆಲ್ಲ ನಗುತ್ತಿದ್ದೆವು. ಆಮೇಲೆ ಬೋರ್ಡಿನ ಮೇಲೆ ಬರೆಯುತ್ತಿದ್ದರು: ಮಸ್ಟ್ ಅಂದರೆ ತಪ್ಪಿಸುವ ಹಾಗಿಲ್ಲ, ಶುಡ್ ಅಂದರೆ ಸಲಹೆ.

ಆ ಡ್ರಾಫ್ಟು ಹರಿದುಹಾಕಿದೆ. ಮೇಷ್ಟ್ರು ಇದೇ ಪಾಠ ಮಾಡುತ್ತಿದ್ದಾಗ, ಹೋದ ಕಾರ್ತಿಕದ ಒಂದು ಮಧ್ಯಾಹ್ನ, ಅವರ ಅಕ್ಕ ಶಾಂತಾದೇವಿ ಮೆಟ್ಟಿಲು ಹತ್ತಿ ಬಂದರು.

೩

ಶಾಂತಾದೇವಿ ಹಳೇಬೀಡಿನವರು. ಗಂಡ ದೇವೀರಪ್ಪನವರದು ತೆಂಗಿನಕಾಯಿ ವ್ಯಾಪಾರ. ತಾಯಿ ತೀರಿಕೊಂಡಾಗ ಮೇಷ್ಟ್ರಿಗೆ ಆರು ವರ್ಷ. ಹದಿನೈದರ ಅಕ್ಕ ಸ್ಕೂಲು ಬಿಟ್ಟು ತಮ್ಮನನ್ನು ಸಾಕಿದಳು. ಅವನು ಇಂಗ್ಲಿಷ್ ಎಂ.ಎ. ಮಾಡಿದ, ಅವಳು ಕಲಿತದ್ದೂ ಮರೆತು ಈಗ ಕನ್ನಡವನ್ನೂ ಕೂಡಿಸಿ ಕೂಡಿಸಿ ಓದುತ್ತಾಳೆ. (ಇಷ್ಟನ್ನು ಒಂದು ಪ್ಯಾರಾದಲ್ಲಿ ಮುಗಿಸಿದ್ದಕ್ಕೆ ಕ್ಷಮಿಸಿ. ಎಳೆದರೆ ನಾನೇ ಅಳುತ್ತೇನೆ.)

ಅಕ್ಕನ ಎದೆಯಲ್ಲಿ ಒಂದು ಗಂಟು. ಗಂಡನಿಗೂ ಹೇಳದೆ ಸ್ಕ್ಯಾನ್ ಮಾಡಿಸಿದ್ದರು. ರಿಪೋರ್ಟ್ ಕೈಗೆ ಬಂತು; ನೋಡಬೇಕಾದ ಡಾಕ್ಟರು ಒಂದು ವಾರ ರಜೆಯಲ್ಲಿದ್ದರು. ಅಕ್ಕ ಸೀದಾ ತಮ್ಮನ ಹತ್ತಿರ ಬಂದರು. ನಮ್ಮನ್ನೆಲ್ಲ ಹೊರಗೆ ಕಳಿಸಿ ಮೇಷ್ಟ್ರು ಅದನ್ನು ಓದಿದರು.

ಆಮೇಲೆ ಮೇಷ್ಟ್ರೇ ನನಗೆ ಹೇಳಿದ ಹಾಗೆ, ಅದರಲ್ಲಿದ್ದದ್ದು ಮೂರು ಸಾಲು. ಗಂಟು ಅಪಾಯವಿಲ್ಲದ್ದಾಗಿರಬಹುದು, ಅಂದರೆ ‘ಮೇ ಬಿ’. ಆದರೆ ಕ್ಯಾನ್ಸರ್ ಅಲ್ಲವೆಂದು ಹೇಳಲಾಗದು, ಅಂದರೆ ‘ಕೆನಾಟ್’. ಬಯಾಪ್ಸಿಯನ್ನು ಆದಷ್ಟು ಬೇಗ ಮಾಡಿಸಬೇಕು, ಅಂದರೆ ‘ಶುಡ್’.

“ಏನ್ ಬರ್ದವ್ರೆ ಇಂದ್ರ?” ಅಕ್ಕ ಕೇಳಿದರು.

ಮೇಷ್ಟ್ರು ತಲೆ ಎತ್ತಿ ಅಕ್ಕನ ಮುಖ ನೋಡಿದರು.

“ಅಪಾಯ ಏನಿಲ್ಲ ಅಂತ ಬರ್ದಿದಾರೆ ಅಕ್ಕ.”

“ಮತ್ತೆ ಡಾಕ್ಟ್ರತ್ರ ಹೋಗೋದು ಬ್ಯಾಡ್ವಾ?”

“ಬೇಕಿದ್ರೆ ಹೋಗು. ಆತುರ ಏನಿಲ್ಲ.”

ಅಕ್ಕ ಉಸಿರು ಬಿಟ್ಟು ನಕ್ಕರು. “ಮೂರ್ ದಿನದಿಂದ ಅನ್ನ ಇಳೀತಿರ್ಲಿಲ್ಲ ಕಣೋ. ಏನಾದ್ರೂ ಇದ್ರೆ ತಿನ್ನಕ್ಕೆ ಕೊಡು,” ಅಂದರು. ಮೇಷ್ಟ್ರು ಬೆಣ್ಣೆ ಬಿಸ್ಕತ್ತು ತರಿಸಿದರು. ನಮಗೂ ಒಂದೊಂದು ಕೊಟ್ಟರು. ನಾನು ತಿಂದೆ.

೪

ಎರಡನೇ ಡ್ರಾಫ್ಟಿನಲ್ಲಿ, ಮೇಷ್ಟ್ರು ಕೊನೆಯ ಸಾಲನ್ನು ತಪ್ಪಾಗಿ ಅರ್ಥ ಮಾಡಿಕೊಂಡರು ಅಂತ ಬರೆದೆ. ಶುಡ್ ಅಂದರೆ ಸಲಹೆ ತಾನೇ, ಬಿಟ್ಟರೂ ನಡೆಯುತ್ತದೆ ಅಂದುಕೊಂಡರು ಅಂತ. ಚೆನ್ನಾಗಿತ್ತು. ವ್ಯಾಕರಣವೇ ಮನುಷ್ಯನನ್ನು ಕೆಡವಿದ ಕಥೆ. ಮೇಷ್ಟ್ರ ಮನೆಗೆ ಹೋಗಿ ಓದಿ ತೋರಿಸಿದೆ.

ಅಷ್ಟರಲ್ಲಾಗಲೇ ಆಗಬಾರದ್ದು ಆಗಿ (ಅದನ್ನು ಮುಂದೆ ಹೇಳುತ್ತೇನೆ) ಅವರು ಕ್ಲಾಸು ಮುಚ್ಚಿದ್ದರು. ಗಡ್ಡ ಬೆಳೆದಿತ್ತು.

“ಅದನ್ನ ಹೊಡೆದುಹಾಕಮ್ಮ,” ಅಂದರು.

“ಯಾಕೆ ಸರ್?”

“ನಂಗೆ ಅರ್ಥ ಆಗಿತ್ತು. ಮೂರು ಸಾಲೂ ಅರ್ಥ ಆಗಿತ್ತು.”

“ಮತ್ತೆ?”

“ಅವಳ ಮುಖ ನೋಡಿದೆ. ಮೊದಲನೇ ಸಾಲು ಸಾಕು ಅನ್ನಿಸ್ತು. ನಾಳೆ ಫೋನ್ ಮಾಡಿ ಉಳಿದದ್ದು ಹೇಳೋಣ ಅಂದ್ಕೊಂಡೆ. ನಾಳೆ, ಆಮೇಲೆ ನಾಡಿದ್ದು. ಒಂದು ವಾರ ಆದ್ಮೇಲೆ ಫೋನ್ ಮಾಡಿದ್ರೆ, ಅವತ್ತೇ ಯಾಕೆ ಹೇಳ್ಲಿಲ್ಲ ಅಂತ ಕೇಳ್ತಾಳೆ ಅನ್ನೋ ಹೆದ್ರಿಕೆ. ತಿಂಗಳಾದ್ಮೇಲೆ, ಮೊದಲನೇ ಸಾಲೇ ನಿಜ ಇರಬಹುದು ಅಂತ ನಾನೇ ನಂಬಿಬಿಟ್ಟೆ. ನನ್ನ ದಡ್ಡ ಮಾಡಿ ಬಚಾವ್ ಮಾಡ್ಬೇಡ ಶ್ಯಾಮಲಾ.”

ಪಾತ್ರಗಳು ಲೇಖಕರ ಮಾತು ಕೇಳುವುದಿಲ್ಲ ಎನ್ನುವುದನ್ನು ನಾನೂ ಜಂಬಕ್ಕೆ ಹೇಳುತ್ತಿದ್ದವಳೇ. ಇಲ್ಲೊಂದು ಪಾತ್ರ ಎದುರಿಗೇ ಕೂತು ಬೇಡಿಕೊಳ್ಳುತ್ತಿತ್ತು. ಹೊಡೆದುಹಾಕಿದೆ.

೫

ನಾಲ್ಕೂವರೆ ತಿಂಗಳಾದ ಮೇಲೆ ಗಂಟು ಹುಣ್ಣಾಯಿತು. ದೇವೀರಪ್ಪನವರು ಹೆಂಡತಿಯನ್ನು ಹಾಸನದ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದರು. ಮೇಷ್ಟ್ರೂ ಜೊತೆಗಿದ್ದರು. ಡಾಕ್ಟರು ಹೊಸ ಸ್ಕ್ಯಾನ್ ನೋಡಿ, ಹಳೆಯ ರಿಪೋರ್ಟ್ ಓದಿ, ಕನ್ನಡಕ ತೆಗೆದರು.

“ಬಯಾಪ್ಸಿ ಬೇಗ ಮಾಡಿಸಿ ಅಂತ ಇದರಲ್ಲೇ ಬರೆದಿದ್ದಾರಲ್ಲ. ಆಗ್ಲೇ ಬಂದಿದ್ರೆ ವಾಸಿ ಮಾಡಬಹುದಿತ್ತು. ಈಗ ಲಿವರ್‌ಗೆ ಹೋಗಿದೆ. ಯಾರಿಗೂ ತೋರಿಸ್ಲಿಲ್ವಾ?”

ದೇವೀರಪ್ಪನವರು ಹೆಂಡತಿಯ ಕಡೆ ನೋಡಿದರು. ಶಾಂತಾದೇವಿ ತಮ್ಮನ ಕಡೆ ನೋಡಿದರು. ಮೇಷ್ಟ್ರು ಬಾಯಿ ತೆರೆದರಂತೆ.

ಅಷ್ಟರಲ್ಲಿ ಅಕ್ಕ, “ನಾನೇ ಯಾರ್ಗೂ ತೋರಿಸ್ಲಿಲ್ಲ ಡಾಕ್ಟ್ರೇ. ಪೆಟ್ಟಿಗೆಗೆ ಹಾಕಿ ಮರ್ತ್‌ಬುಟ್ಟೆ,” ಅಂದರು.

ದೇವೀರಪ್ಪನವರು ಅಲ್ಲೇ, ಎಲ್ಲರೆದುರು, ಹೆಂಡತಿಯನ್ನು ಬೈದರು. “ಬುದ್ಧಿ ಐತೇನೇ ನಿಂಗೆ? ಮನೇಲಿ ಓದಿರೋನು ಒಬ್ಬ ಇಲ್ವಾ?” ಶಾಂತಾದೇವಿ ತಲೆ ತಗ್ಗಿಸಿ ಬೈಸಿಕೊಂಡರು. ಮೇಷ್ಟ್ರು ಪಕ್ಕದಲ್ಲೇ ಇದ್ದರು. ಆಗಲೂ ಹೇಳಲಿಲ್ಲ.

೬

ಇನ್ನು ಕೊನೆಗಳು. ನಿಮಗೆ ಯಾವುದು ಬೇಕು?

ಕೊನೆ ಒಂದು: ಮೇಷ್ಟ್ರು ಕಾಲು ಹಿಡಿದುಕೊಂಡು ಎಲ್ಲ ಹೇಳುತ್ತಾರೆ, ಅಕ್ಕ ಕ್ಷಮಿಸುತ್ತಾರೆ. (ಬರೆದೆ. ಓದಿ ಮೇಷ್ಟ್ರು, “ಇದು ನಿಂಗೆ ಸಮಾಧಾನ ಆಗ್ಲಿ ಅಂತ ಬರ್ಕೊಂಡಿದ್ದೀಯ,” ಅಂದರು. ನಿಜ.)

ಕೊನೆ ಎರಡು: ಕಾರ್ತಿಕದ ಆ ಮಧ್ಯಾಹ್ನ ಮೇಷ್ಟ್ರು ಮೂರನೇ ಸಾಲನ್ನೂ ಓದುತ್ತಾರೆ. ಮರುದಿನ ಬಯಾಪ್ಸಿ, ತಿಂಗಳಲ್ಲಿ ಆಪರೇಷನ್. ಈಗ ಶಾಂತಾದೇವಿ ಅಂಗಳದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಾರೆ. (ಇದನ್ನು ಮೇಷ್ಟ್ರಿಗೆ ತೋರಿಸುವ ಧೈರ್ಯ ಬರಲಿಲ್ಲ. ಇಂಗ್ಲಿಷಿನವರು ಇದಕ್ಕೆ ‘ಕುಡ್ ಹ್ಯಾವ್’ ಅಂತ ಎರಡು ಪದ ಇಟ್ಟಿದ್ದಾರೆ. ಆಗದೇ ಹೋದದ್ದಕ್ಕೂ ಅವರ ಹತ್ತಿರ ಒಂದು ನೆಟ್ಟನೆಯ ವಾಕ್ಯ ಉಂಟು. ಅದನ್ನು ಬೋರ್ಡಿನ ಮೇಲೆ ಕಲಿತಾಗ ನನಗೆ ಹತ್ತಕ್ಕೆ ಒಂಬತ್ತು ಬಂದಿತ್ತು.)

ಮೂರನೆಯ ಕೊನೆ ಬರೆಯುವುದಿಲ್ಲ. ಅದು ಯಾವುದೆಂದು ನಿಮಗೆ ಗೊತ್ತು.

೭

ಮೇಷ್ಟ್ರು ಪ್ರತಿ ಭಾನುವಾರ ಹಳೇಬೀಡಿಗೆ ಹೋಗುತ್ತಾರೆ. ಕಳೆದ ಭಾನುವಾರ ನಾನೂ ಹೋದೆ.

ಶಾಂತಾದೇವಿ ನಡುಮನೆಯ ಮಂಚದ ಮೇಲಿದ್ದರು. ಕೂದಲು ಹೋಗಿ ತಲೆಗೆ ಸೆರಗು ಸುತ್ತಿದ್ದರು. ಕೈ ಒಣಗಿ ಬಳೆ ಮೊಣಕೈವರೆಗೆ ಜಾರುತ್ತಿತ್ತು.

“ಊಟ ಮಾಡ್ಕೊಂಡು ಹೋಗ್ಬೇಕು ಕಣವ್ವ,” ಅಂದರು ನನಗೆ. “ಇವ್ನು ನೋಡು, ಹೆಂಗ್ ಸೊರಗವ್ನೆ. ಸರ್ಯಾಗಿ ತಿಂತಾನಾ?”

ಊಟವಾಯಿತು. ದೇವೀರಪ್ಪನವರು ಅಂಗಡಿಗೆ ಹೋದರು. ಮೇಷ್ಟ್ರು ಮಂಚದ ಪಕ್ಕ ನೆಲದ ಮೇಲೆ ಕೂತರು. ನಾನು ಬಾಗಿಲಲ್ಲಿದ್ದೆ.

“ಅಕ್ಕ,” ಅಂದರು ಮೇಷ್ಟ್ರು. “ಅವತ್ತು ನಾನು...”

“ಬಸ್ಸಿಗೆ ಹೊತ್ತಾಯ್ತು, ಹೊರಡ್ರಪ್ಪ.”

“ಅಲ್ಲ ಅಕ್ಕ, ಒಂದ್ ಮಾತು...”

“ಇಂದ್ರ.” ಆ ದನಿ ನಾನು ಅದುವರೆಗೆ ಕೇಳಿರಲಿಲ್ಲ. ಆರು ವರ್ಷದ ಮಗುವನ್ನು ಬಾವಿಕಟ್ಟೆಯಿಂದ ಹಿಂದಕ್ಕೆ ಕರೆಯುವ ದನಿ. “ಹೊರಡು ಅಂದ್ನಲ್ಲ.”

ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದರು. ತಮ್ಮನಿಂದ ಆ ಮಾತು ಕೇಳಿಸಿಕೊಳ್ಳಲು ಅವರಿಗೆ ಆಗುತ್ತಿರಲಿಲ್ಲವೋ, ಕೇಳಬಾರದು ಎಂದು ತೀರ್ಮಾನಿಸಿದ್ದರೋ, ಅದು ಪ್ರೀತಿಯೋ ಶಿಕ್ಷೆಯೋ, ಲೇಖಕಿಯಾದ ನನಗೆ ಗೊತ್ತಿಲ್ಲ. ಕೇಳಬೇಡಿ.

ವಾಪಸ್ ಬರುವಾಗ ಬಸ್ಸು ಬಾಣಾವರದಲ್ಲಿ ನಿಂತಿತು. ಅಲ್ಲಿ ಜನ ಇಳಿಯುತ್ತಿದ್ದಾಗ ಮೇಷ್ಟ್ರು ಕೇಳಿದರು.

“ಕಥೆ ಏನಂತ ಮುಗಿಸ್ದೆ?”

“ಇನ್ನೂ ಇಲ್ಲ ಸರ್.”

“ಮುಗಿಸ್ಬೇಡಮ್ಮ,” ಅಂದರು. “ಅವಳಿನ್ನೂ ಇದಾಳಲ್ಲ.”