ಶುಕ್ರವಾರದ ಕೊನೆಯ ತರಗತಿ

ಸೋಮವಾರ ಬೆಳಗ್ಗೆ ಮೊದಲ ತರಗತಿಯಲ್ಲಿ ನನ್ನ ತಂಗಿ ಹಾಜರಿದ್ದಳು. ನನ್ನ ಫೋನಿನಲ್ಲಿ ಅವಳ ಹೆಸರಿನ ಮುಂದೆ ಹಸಿರು ಚುಕ್ಕೆ ಬಿದ್ದಿತ್ತು. ಹಾಗಾಗಿ ಅಮ್ಮ ಮತ್ತೆ ಫೋನ್ ಮಾಡಿದಾಗ ನಾನು ರೇಗಿಬಿಟ್ಟೆ.

"ಕ್ಲಾಸಲ್ಲಿದಾಳಮ್ಮಾ, ಈಗ ತಾನೇ ಹಾಜರಿ ಬಿದ್ದಿದೆ. ಕ್ಲಾಸಲ್ಲಿ ಫೋನ್ ಆಫ್ ಮಾಡ್ದೆ ಇನ್ನೇನು ಮಾಡ್ತಾಳೆ?"

"ನಿನ್ನೆ ಭಾನುವಾರ ಕಣೇ. ನಿನ್ನೆ ಯಾವ ಕ್ಲಾಸಿತ್ತು? ನಿನ್ನೇನೂ ಆಫೇ ಇತ್ತು, ಮೊನ್ನೇನೂ ಆಫೇ ಇತ್ತು," ಅಂದಳು ಅಮ್ಮ. "ನಂಗ್ಯಾಕೋ ಸರಿ ಕಾಣ್ತಿಲ್ಲ. ಒಂದ್ಸಲ ಹೋಗಿ ಅವಳ ಮುಖ ನೋಡ್ಕೊಂಡು ಬಾರೇ."

ಅಮ್ಮನದು ಬಟನ್ ಫೋನು. ಹಾಗಾಗಿ ವಿಶ್ವವಿದ್ಯಾಲಯದ ಪೋರ್ಟಲ್ಲಿನಲ್ಲಿ ತಂಗಿಯ ಪೋಷಕಿ ನಾನೇ. ನನ್ನದು ಅಲ್ಲೇ ಕೊನೆಯ ವರ್ಷ, ಬೇರೆ ವಿಭಾಗ, ಊರಿನ ಇನ್ನೊಂದು ತುದಿಯಲ್ಲಿ ಬಾಡಿಗೆ ಕೋಣೆ. ಅವಳದು ಮೊದಲ ವರ್ಷ, ಹಾಸ್ಟೆಲ್. ಅವಳ ವೇಳಾಪಟ್ಟಿ, ಹಾಜರಿ ಎರಡೂ ನನ್ನ ಫೋನಿಗೆ ಬರುತ್ತವೆ. ಹಸಿರು ಬಿದ್ದರೆ ಬಂದಿದ್ದಾಳೆ, ಕೆಂಪು ಬಿದ್ದರೆ ಇಲ್ಲ.

ಶುಕ್ರವಾರ ಕೊನೆಯ ತರಗತಿಗೆ ಕೆಂಪು ಬಿದ್ದಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಮೊದಲನೇ ವರ್ಷಕ್ಕೇ ಬಾಲ ಬಿಚ್ಚಿದೀಯಾ? ಇನ್ನೊಂದ್ಸಲ ಕೆಂಪು ಕಂಡ್ರೆ ಅಮ್ಮಂಗೆ ಹೇಳ್ತೀನಿ" ಎಂದು ಸಂದೇಶ ಕಳಿಸಿದ್ದೆ. ಉತ್ತರ ಬರಲಿಲ್ಲ. ಮುಖ ಊದಿಸಿಕೊಂಡು ಕೂರುವುದರಲ್ಲಿ ನಮ್ಮ ಮನೆಯಲ್ಲಿ ಅವಳನ್ನು ಮೀರಿಸುವವರಿಲ್ಲ. ಊದಿಸಿಕೊಳ್ಳಲಿ, ಹಸಿವಾದಾಗ ತಾನೇ ಬರುತ್ತಾಳೆ ಅಂದುಕೊಂಡೆ. ಶನಿವಾರ ಎಲ್ಲ ತರಗತಿಗೂ ಹಸಿರು ಬಿದ್ದಾಗಲಂತೂ ನನ್ನ ಬೈಗುಳ ನಾಟಿತು ಎಂದು ಒಳಗೊಳಗೇ ಬೀಗಿದೆ.

ಅಮ್ಮನ ಸಮಾಧಾನಕ್ಕೆ ಹಾಸ್ಟೆಲ್ಲಿಗೆ ಫೋನ್ ಮಾಡಿದೆ. ವಾರ್ಡನ್ ಎತ್ತಿದರು. ಇಂಥವಳ ಅಕ್ಕ ಎಂದು ಹೇಳಿ, ತಂಗಿ ಇದ್ದಾಳಾ ಎಂದು ಕೇಳಿದೆ.

"ನಿಮ್ಮನೇಲಿಲ್ವಾ?" ಅಂದರು.

"ನಮ್ಮನೇಲಾ?"

"ಶನಿವಾರ ಭಾನುವಾರ ಅಕ್ಕನ ಮನೆಗೆ ಹೋಗ್ತಾಳಲ್ಲಮ್ಮ ಅವಳು. ಶುಕ್ರವಾರ ಸಂಜೆಯಿಂದ ಕಾಣ್ಲಿಲ್ಲ, ಅಲ್ಲಿಗೇ ಬಂದಿದಾಳೆ ಅಂದ್ಕೊಂಡೆ."

ಇಲ್ಲಿಗೆ ಬಂದಿಲ್ಲ, ಆದರೆ ಹಾಜರಿ ಬಿದ್ದಿದೆ ಅಂದೆ. ಅವರು ನಿರಾಳರಾದರು: "ಹಾಜರಿ ಬಿದ್ದಿದೆ ತಾನೇ? ಹಂಗಾದ್ರೆ ಇಲ್ಲೇ ಎಲ್ಲೋ ಗೆಳತೀರ ಜೊತೆ ಇದಾಳೆ ಬಿಡಿ. ಗಾಬರಿ ಬೀಳ್ಬೇಡಿ."

ಹೌದಲ್ಲ, ಹಸಿರು ಬಿದ್ದಿದೆ. ನಾನು ಆ ಚುಕ್ಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳಿಗೆ ಏನೇನು ಬೈಯಬೇಕು ಎಂದು ಜೋಡಿಸಿಕೊಳ್ಳುತ್ತಿದ್ದೆ. ಆದರೆ ಬೈಗುಳಗಳು ಅರ್ಧಕ್ಕೇ ನಿಂತುಬಿಡುತ್ತಿದ್ದವು. ಮೂರು ರಾತ್ರಿ ಎಲ್ಲಿ ಮಲಗಿದಳು ಇವಳು?

ವೇಳಾಪಟ್ಟಿ ನೋಡಿದೆ. ಸೋಮವಾರ, ಎರಡನೇ ತರಗತಿ, ದೊಡ್ಡ ಸಭಾಂಗಣ. ನಾನು ಹೋಗುವಷ್ಟರಲ್ಲಿ ಅಧ್ಯಾಪಕರು ಹಾಜರಿ ಕೂಗುತ್ತಿದ್ದರು. ತಲೆ ಎತ್ತದೆ, ಮುಂದಿದ್ದ ಟ್ಯಾಬಿನ ಮೇಲೆ ಬೆರಳಾಡಿಸುತ್ತ, ಒಂದೊಂದೇ ಸಂಖ್ಯೆ. ಹಿಂಬಾಗಿಲಲ್ಲಿ ನಿಂತು ಸಾಲುಸಾಲಾಗಿ ಹುಡುಕಿದೆ. ತಂಗಿಯ ಜಡೆಯನ್ನು ಎಷ್ಟು ತಲೆಗಳ ನಡುವೆಯಾದರೂ ಗುರುತಿಸಬಲ್ಲೆ. ಎಲ್ಲೂ ಕಾಣಲಿಲ್ಲ. ಅವಳ ಸಂಖ್ಯೆ ಬಂತು.

"ಎಸ್ ಸಾರ್."

ಕೊನೆಯ ಸಾಲಿನಿಂದ ಬಂದ ಧ್ವನಿ. ಜೀವ ಬಂದಂತಾಗಿ ಅತ್ತ ತಿರುಗಿದೆ. ದಪ್ಪ ಕನ್ನಡಕದ ಹುಡುಗಿಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಳು. ಇನ್ನೆರಡು ಸಂಖ್ಯೆಗಳಾದ ಮೇಲೆ ಅವಳೇ ಗಂಟಲು ಕೀರಲು ಮಾಡಿ ಮತ್ತೊಮ್ಮೆ "ಎಸ್ ಸಾರ್" ಅಂದಳು. ಆಮೇಲೆ ಗೊಗ್ಗರು ದನಿಯಲ್ಲಿ ಇನ್ನೊಮ್ಮೆ. ಪಕ್ಕದವರು ಕಿಸಕ್ಕನೆ ನಕ್ಕರು.

ತರಗತಿ ಮುಗಿಯುವ ತನಕ ಕಾಯುವ ತಾಳ್ಮೆ ನನಗೆಲ್ಲಿಂದ ಬರಬೇಕು? ಬಗ್ಗಿಕೊಂಡು ಒಳಗೆ ನುಗ್ಗಿ, ಅವಳ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ.

"ಯಾರೇ ನೀನು? ನನ್ ತಂಗಿ ಎಲ್ಲಿ?"

ತಂಗಿಯ ಫೋಟೋಗಳಲ್ಲಿ ನನ್ನ ಮುಖ ಕಂಡಿದ್ದಳೇನೋ, ಗುರುತು ಹಿಡಿದಳು. "ಅಕ್ಕಾ, ಕೈ ಬಿಡಿ ಅಕ್ಕಾ, ನೋಯ್ತದೆ. ಹಾಸ್ಟೆಲಲ್ಲಿ ಮಲಗಿರ್ತಾಳೆ. ಇವತ್ತು ನನ್ ಸರದಿ."

"ಸರದೀನಾ?"

ಕನ್ನಡಕದ ಹುಡುಗಿ ಎಲ್ಲ ಬಾಯಿಬಿಟ್ಟಳು. ನಾಲ್ವರು ಗೆಳತಿಯರು. ವಾರದ ವೇಳಾಪಟ್ಟಿಯನ್ನು ಮನೆಗೆಲಸದ ಹಾಗೆ ಹಂಚಿಕೊಂಡಿದ್ದರು. ದಿನಕ್ಕೊಬ್ಬಳು ಬಂದು ನಾಲ್ವರ ಪರವಾಗಿಯೂ ಕೂಗುವುದು, ಬರೆದುಕೊಳ್ಳುವುದು. ಉಳಿದವರಿಗೆ ರಜೆ. ಒಬ್ಬಳ ದಿನ ಇನ್ನೊಬ್ಬಳು ಈ ಕಡೆ ತಲೆಯನ್ನೂ ಹಾಕುವುದಿಲ್ಲ.

"ಶುಕ್ರವಾರ ಯಾರ ಸರದಿ?" ಎಂದು ಕೇಳಿದೆ.

"ಅವಳದೇ. ಬೆಳಗ್ಗಿಂದ ಎಲ್ಲಾ ಸರಿಯಾಗೇ ಕೂಗಿದಾಳೆ. ಕೊನೇ ಪೀರಿಯಡ್ ಮಾತ್ರ ನಾಲ್ಕೂ ಜನಕ್ಕೂ ಕೆಂಪು. ಕೈಕೊಟ್ಟು ನಿಮ್ಮನೆಗೆ ಓಡಿದಾಳೆ ಅಂತ ನಮಗೆ ಕೋಪ ಅಕ್ಕಾ. ಫೋನ್ ಬೇರೆ ಆಫ್. ಮಾತೇ ಬಿಟ್ಬಿಟ್ವಿ."

"ಮಾತು ಬಿಟ್ಟೋರು ಹಾಜರಿ ಯಾಕೆ ಕೂಗಿದ್ರಿ?"

"ನಾವು ಅವಳ ಥರ ಅಲ್ಲ ಅಂತ ತೋರ್ಸೋಣ ಅಂತ."

ಕೆನ್ನೆಗೊಂದು ಬಾರಿಸಬೇಕು ಅನ್ನಿಸಿತು. ಶನಿವಾರದ ಹಸಿರು, ಇವತ್ತಿನ ಹಸಿರು, ಎಲ್ಲ ಇವರ ಗಂಟಲಿನ ಆಟ. ಶುಕ್ರವಾರ ಮಧ್ಯಾಹ್ನದ ನಂತರ ನನ್ನ ತಂಗಿಯನ್ನು ಕಂಡವರೇ ಇಲ್ಲ.

"ಕೊನೇ ಪೀರಿಯಡ್ ಎಲ್ಲಿತ್ತು?" ಅಂದೆ.

ಅವಳು ಫೋನ್ ತೋರಿಸಿದಳು. ಪರದೆಯ ಮೇಲೆ ವೇಳಾಪಟ್ಟಿಯ ಚಿತ್ರವನ್ನೇ ಹಾಕಿಕೊಂಡಿದ್ದಳು. ಪೋರ್ಟಲ್ ತೆರೆಯುವುದರೊಳಗೆ ಜೀವ ಹೋಗುತ್ತದೆಂದು ವರ್ಷದ ಶುರುವಿನಲ್ಲಿ ಒಬ್ಬರು ಸ್ಕ್ರೀನ್‌ಶಾಟ್ ತೆಗೆದು ಹಂಚಿದ್ದು, ಇಡೀ ತರಗತಿ ಅದನ್ನೇ ಬಳಸುವುದು. ಶುಕ್ರವಾರ, ಕೊನೆಯ ತರಗತಿ: ಹಳೇ ಕಟ್ಟಡ, ನೆಲಮಾಳಿಗೆ ಕೋಣೆ.

ನನ್ನ ಫೋನಿನಲ್ಲಿ ಪೋರ್ಟಲ್ ತೆರೆದೆ. ಹಾಳಾದ ಚಕ್ರ ಸುತ್ತಿತು, ಸುತ್ತಿತು. ಕೊನೆಗೆ ತೆರೆಯಿತು. ಪರಿಷ್ಕೃತ ವೇಳಾಪಟ್ಟಿ. ಶುಕ್ರವಾರ, ಕೊನೆಯ ತರಗತಿ: ಹೊಸ ಕಟ್ಟಡ, ಮೂರನೇ ಮಹಡಿ. ಗುರುವಾರದಿಂದ ಜಾರಿ.

"ಇದು ಯಾವಾಗ ಬದಲಾಯ್ತು?" ಅಂದಳು ಕನ್ನಡಕ.

"ಕ್ಲಾಸಲ್ಲಿ ಅಧ್ಯಾಪಕರು ಹೇಳಿರ್ಬೇಕಲ್ಲ!" ಅಂದೆ ನಾನು.

"ಗುರುವಾರ ಹೇಳಿರ್ತಾರೆ. ಗುರುವಾರ ನಮ್ಮ ಗುಂಪಿನ ಕೀರಲು ದನಿಯವಳ ಸರದಿ. ಅವಳು ನಿದ್ದೆಗೆಟ್ಟು ಬಂದಿದ್ಲು, ಏನೂ ಕೇಳಿಸ್ಕೊಂಡಿರಲ್ಲ."

ಹಳೇ ಕಟ್ಟಡಕ್ಕೆ ಓಡಿದೆ. ಕನ್ನಡಕ ಹಿಂದೆ ಏದುಸಿರು ಬಿಡುತ್ತ ಬಂದಳು. ಕಟ್ಟಡಕ್ಕೆ ಹಸಿರು ಪರದೆ ಕಟ್ಟಿದ್ದರು, ಒಳಗೆ ಗೋಡೆ ಕೊರೆಯುವ ಯಂತ್ರ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿತ್ತು. ಬಾಗಿಲಲ್ಲಿ ಕಾವಲುಗಾರ ಕುರ್ಚಿ ಹಾಕಿಕೊಂಡಿದ್ದ. ಅವನ ತಲೆಯ ಮೇಲೂ ಅದೇ ಪರಿಷ್ಕೃತ ವೇಳಾಪಟ್ಟಿ ಅಂಟಿಸಿತ್ತು.

"ಒಳಗೆ ಬಿಡಲ್ಲಮ್ಮ. ರಿಪೇರಿ."

"ಕೆಳಗಿನ ಕೋಣೆಗೆ ಯಾವಾಗ ಬೀಗ ಹಾಕಿದ್ರಿ?"

"ಶುಕ್ರವಾರ ಸಂಜೆ."

"ಹಾಕೋ ಮುಂಚೆ ಇಳಿದು ನೋಡಿದ್ರಾ?"

ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ಯಾಕೆ ನೋಡ್ಬೇಕು? ಟೈಮ್ ಟೇಬಲ್ಲಲ್ಲಿ ಕೆಳಗೆ ಕ್ಲಾಸೇ ಇಲ್ಲ. ಇಲ್ಲದ ಕ್ಲಾಸಿಗೆ ಯಾರು ಬರ್ತಾರೆ?"

ನನ್ನ ತಂಗಿ ಬರುತ್ತಾಳೆ. ಖಾಲಿ ಕೋಣೆ ಸಿಕ್ಕರೆ, ಸಾರ್ ಬರುವುದು ತಡ ಎಂದುಕೊಂಡು, ಕೊನೆಯ ಬೆಂಚಿನಲ್ಲಿ ತಲೆಯಿಟ್ಟು ಮಲಗಿಯೂ ಬಿಡುತ್ತಾಳೆ. ಬಸ್ಸಿನ ಕಂಬಿಗೆ ಒರಗಿ ನಿದ್ದೆ ಹೋಗುವ ಜಾತಿ ಅವಳದು.

"ಬೀಗ ತೆಗೀರಿ," ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಯಂತ್ರದ ಸದ್ದಿನ ಮೇಲೆ ಕಿರುಚಿದೆ. "ಕಾಲಿಗೆ ಬೀಳ್ತೀನಿ ಮಾರಾಯಾ, ಬೀಗ ತೆಗಿ! ನನ್ ತಂಗಿ ಒಳಗಿದಾಳೆ!"

ಅವನ ಮುಖ ಒಮ್ಮೆಲೇ ಬಿಳಿಚಿಕೊಂಡಿತು. ಕೀಗೊಂಚಲು ಕಿತ್ತುಕೊಂಡು ಎದ್ದ. ನಡೆಯುತ್ತಲೇ ಏನೋ ಗೊಣಗುತ್ತಿದ್ದ. ಪಕ್ಕಕ್ಕೆ ಹೋಗಿ ಕಿವಿಗೊಟ್ಟೆ.

"ಕೆಲಸದೋರು ಹೇಳಿದ್ರು. ಕೆಳಗೆ ಏನೋ ಬಡಿಯೋ ಸದ್ದು ಅಂತ ಶನಿವಾರ ಹೇಳಿದ್ರು. ನೀರಿನ ಪೈಪ್ ಬಡಿತಾ ಇರ್ಬೇಕು ಅಂದೆ ನಾನು. ನಿನ್ನೇನೂ ನಾನೇ ಕೇಳಿಸ್ಕೊಂಡೆ."

"ಇವತ್ತು?"

ಅವನು ಗೊಂಚಲಲ್ಲಿ ಕೀ ಹುಡುಕುತ್ತ ಬೇಗ ಬೇಗ ನಡೆದ. ಮತ್ತೆ ಕೇಳಿದೆ.

"ಇವತ್ತು ಇಲ್ಲಮ್ಮ. ರಾತ್ರಿಯಿಂದ ಸದ್ದಿಲ್ಲ."

ಮೆಟ್ಟಿಲು ಶುರುವಾಗುವ ಕಡೆ ಕಬ್ಬಿಣದ ಬಾಗಿಲು. ಎದುರಿಗೆ ಮರಳಿನ ಮೂಟೆಗಳನ್ನು ಒಟ್ಟಿದ್ದರು. ಮೂವರೂ ಸೇರಿ ಎಳೆದೆವು. ಕನ್ನಡಕ ಅಳುತ್ತಲೇ ಎಳೆಯುತ್ತಿದ್ದಳು. ಯಾರೋ ಯಂತ್ರ ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ನಾನು ಬಾಗಿಲಿಗೆ ಕಿವಿ ಹಚ್ಚಿದೆ, ಕೂಗಿದೆ, ಮನೆಯಲ್ಲಿ ಕರೆಯುವ ಹಾಗೆ "ಪುಟ್ಟೀ" ಎಂದೆ. ಒಳಗಿನಿಂದ ಏನೂ ಇಲ್ಲ. ಕಾವಲುಗಾರ ಕೊನೆಗೂ ಗೊಂಚಲಿನಿಂದ ಸರಿಯಾದ ಕೀ ತೆಗೆದ. ಅವನ ಕೈಯಿಂದ ಕಸಿದುಕೊಂಡು ನಾನೇ ತಿರುಗಿಸಿದೆ.

ಬಾಗಿಲು ಹೊರಗೆ ತೆರೆಯುತ್ತಿದ್ದ ಹಾಗೆ ಅವಳು ನನ್ನ ಕಾಲಿನ ಮೇಲೆ ಬಿದ್ದಳು. ಮೇಲಿನ ಮೆಟ್ಟಿಲಲ್ಲಿ ಬಾಗಿಲಿಗೆ ಒರಗಿಯೇ ಕೂತಿದ್ದಳು. ಬಲಗೈಯಲ್ಲಿ ಒಂದು ಚಪ್ಪಲಿ, ಅದರ ಹಿಮ್ಮಡಿ ಪೂರ್ತಿ ಕಿತ್ತುಹೋಗಿತ್ತು. ಬೆರಳುಗಳು ಊದಿಕೊಂಡಿದ್ದವು. ಪಕ್ಕದಲ್ಲಿ, ಸಿಗ್ನಲ್ಲೇ ಸಿಗದ ಆ ನೆಲಮಾಳಿಗೆಯಲ್ಲಿ ಚಾರ್ಜ್ ಮುಗಿದು ಸತ್ತ ಫೋನು. ತುಟಿ ಒಡೆದು ರಕ್ತ ಒಣಗಿತ್ತು. ಮೂಗಿನ ಹತ್ತಿರ ಕೈ ಹಿಡಿದೆ. ಉಸಿರಿತ್ತು. ದೇವರೇ, ಉಸಿರಿತ್ತು.

ಯಾರೋ ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದರು. ಬಟ್ಟೆ ಒದ್ದೆ ಮಾಡಿ ಅವಳ ತುಟಿಗೆ ಒತ್ತಿದೆ. ತುಂಬ ಹೊತ್ತಿನ ಮೇಲೆ ಕಣ್ಣು ಬಿಟ್ಟಳು. ಬೆಳಕಿಗೆ ಮುಖ ಕಿವುಚಿ, ನನ್ನನ್ನು ಗುರುತು ಹಿಡಿಯಲು ಹೆಣಗಿದಳು. ಆಮೇಲೆ ಗಂಟಲಿನಿಂದ ಗಾಳಿಯಷ್ಟೇ ಬಂತು.

"ಅಕ್ಕಾ, ಇಷ್ಟೊತ್ತು ಯಾರೂ ನನ್ನ ಹುಡುಕ್ಲೇ ಇಲ್ವಾ?"

ಕನ್ನಡಕ ಮುಖ ಮುಚ್ಚಿಕೊಂಡಳು. ಕಾವಲುಗಾರ ಗೋಡೆಯ ಕಡೆ ತಿರುಗಿದ. ಅವಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡೆ.

"ಹುಡುಕಿದ್ವಿ ಕಣೇ," ಅಂದೆ. "ಶುಕ್ರವಾರದಿಂದ್ಲೂ ಹುಡುಕ್ತಾನೇ ಇದ್ವಿ."

ಅವಳು ನಂಬಿದಳು. ನಂಬಿ, ನನ್ನ ಕೈ ಹಿಡಿದುಕೊಂಡಳು.