ಗದಿಗೆವ್ವನ ಕನ್ನಡಿಯ ಮಿಂಚು ಚೀಟಿಗಳು

ಹೋದ ವರ್ಷ ಗದಿಗೆವ್ವನ ಮನೆಗೆ ಮೆಣಸಿನಕಾಯಿ ಕೈಕೊಟ್ಟಿತು. ಮೂರು ಎಕರೆಯೂ ಹಾಗೇ. ಬ್ಯಾಡಗಿ ಸೀಮೆಯ ಕಾಯಿ ಎಂದರೆ ಉದ್ದಕ್ಕೆ ಬೆಳೆದು, ಒಣಗಿದ ಮೇಲೆ ಸುಕ್ಕುಗಟ್ಟಿ, ಕಡುಗೆಂಪಾಗಬೇಕು. ಇವರ ಹೊಲದ್ದು ಗಿಡ್ಡಗೆ, ನುಣ್ಣಗೆ, ಮಾಸಿದ ಇಟ್ಟಂಗಿ ಬಣ್ಣಕ್ಕೆ ಬಂತು. ಮಾರುಕಟ್ಟೆಯಲ್ಲಿ ಖರೀದಿಗೆ ಬಂದವನು ಚೀಲದಿಂದ ಒಂದು ಕಾಯಿ ತೆಗೆದು, ಮುರಿದು ನೋಡಿ, ಅಲ್ಲೇ ಬಿಸಾಕಿ ಬೇರೆಯವರ ಚೀಲಕ್ಕೆ ಹೋದ.

ಬೆಳೆ ಯಾಕೆ ಕೆಟ್ಟಿತು? ಹೊಲ ಅದೇ, ಮಳೆಯೂ ಹದವಾಗಿ ಆಗಿತ್ತು, ಗೊಬ್ಬರದಲ್ಲಿ ಕಡಿಮೆ ಮಾಡಿರಲಿಲ್ಲ. ಗದಿಗೆವ್ವ ಬಹಳ ವಿಚಾರ ಮಾಡಿ ಕೊನೆಗೆ ಬೀಜ ಹಾಕಿದ ಕೈಯ ಮೇಲೆ ಬಂದು ನಿಂತಳು. ಆ ಮನೆತನದಲ್ಲಿ ಸಸಿ ಮಡಿಗೆ ಮೊದಲ ಬೀಜ ಹಾಕುವುದು ಮನೆಯ ಸೊಸೆ. ಹೋದ ವರ್ಷ ಹಾಕಿದವಳು ಹೊಸದಾಗಿ ಬಂದ ಶೈಲಶ್ರೀ. ಗದಿಗೆವ್ವ ಓಣಿಯ ಹೆಂಗಸರ ಮುಂದೆ, ಸೊಸೆಗೂ ಕೇಳುವಂತೆ, “ಹುಡುಗಿ ಚಲೋ ಅದಾಳ್ರವಾ, ಆದ್ರ ಕೈಗುಣ ಇಲ್ಲ” ಅಂದುಬಿಟ್ಟಳು.

ಮಾತು ಬಾಯಿಂದ ಹೊರಗೆ ಬಿತ್ತಲ್ಲ, ಇನ್ನು ಅದನ್ನು ಹಿಡಿಯುವವರು ಯಾರು? ಪಕ್ಕದ ಮನೆಯವರು ಉಪ್ಪಿನಕಾಯಿ ಹಾಕುವಾಗ ಶೈಲಶ್ರೀಯನ್ನು ಕರೆಯುವುದನ್ನು ಬಿಟ್ಟರು. ಹಿತ್ತಲಲ್ಲಿ ನಾಲ್ಕು ಕೊತ್ತಂಬರಿ ಕಾಳು ಉದುರಿಸಲೂ ಆ ಹುಡುಗಿ ಹಿಂದೆಮುಂದೆ ನೋಡುವಂತಾಯಿತು. ಅತ್ತೆಗೆ ಎದುರು ಮಾತಾಡಲಿಲ್ಲ. ಆದರೆ ಮದುವೆಯಾಗಿ ಬಂದಾಗಿನ ನಗು ಅವಳ ಮುಖದಲ್ಲಿ ಉಳಿಯಲಿಲ್ಲ.

ಈ ವರ್ಷ ಬೀಜ ಹಾಕುವ ದಿನ ಬಂತು. ಗದಿಗೆವ್ವ ಸೊಸೆಯನ್ನು ಬಿಟ್ಟು ಎದುರು ಮನೆಯ ಕೈಸರಳನ್ನು ಕರೆಸಿದಳು. ಕೈಸರ ನೆಟ್ಟ ಗಿಡ ಸತ್ತದ್ದನ್ನು ಓಣಿಯಲ್ಲಿ ಯಾರೂ ಕಂಡಿಲ್ಲ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಪಾಕೀಟು ತುಂಬಿ, ಸ್ಟಿಕ್ಕರ್ ಹಚ್ಚುವುದು ಅವಳ ಕೆಲಸ. ಅಂದು ರವಿವಾರ, ರಜೆ ಇತ್ತು.

“ದೊಡ್ಡವ್ವ, ಶೈಲಾ ಎಲ್ಲದಾಳ? ಅಕಿನ ಹಾಕ್ಲಿ, ನಾ ಬಾಜೂಕ ನಿಂದ್ರತೀನಿ” ಎಂದಳು ಕೈಸರ.

“ಈ ವರ್ಷ ನೀನ ಹಾಕವಾ” ಎಂದು ಗದಿಗೆವ್ವ ವಿಭೂತಿ-ಕುಂಕುಮದ ತಟ್ಟೆ ಮುಂದೆ ಚಾಚಿದಳು. ತಟ್ಟೆಯಲ್ಲಿ ನಾಲ್ಕು ಪಾಕೀಟು. ನೀರಿನ ಕೊಡ ಹೊತ್ತು ನಿಂತಿದ್ದ ಶೈಲಶ್ರೀ ಮುಖ ತಿರುಗಿಸಿದಳು.

ಕೈಸರ ಒಂದು ಪಾಕೀಟು ಕೈಗೆತ್ತಿಕೊಂಡಳು. ದಿನಾ ಸಾವಿರ ಪಾಕೀಟು ನೋಡುವ ಕಣ್ಣು. ತನಗೇ ತಿಳಿಯದಂತೆ ಅದನ್ನು ಬಿಸಿಲಿಗೆ ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ವಾಲಿಸಿದಳು. ಮತ್ತೊಮ್ಮೆ ವಾಲಿಸಿದಳು. ಹುಬ್ಬು ಗಂಟಾಯಿತು.

“ಇದು ನಮ್ಮ ಕಂಪನಿ ಹೆಸರಿನ ಪಾಕೀಟ. ಎಲ್ಲಿ ತಂದ್ರಿ ಇದನ್ನ?”

ಗದಿಗೆವ್ವನ ಮಗ ವಿಜಯಮಹಾಂತೇಶ ಹೇಳಿದ: “ಹಾವೇರಿ ಬಸ್‌ಸ್ಟ್ಯಾಂಡ್ ಹೊರಗ ಒಬ್ಬಾಂವ ಬೈಕಿನ ಮ್ಯಾಲ ತಂದು ಕೊಡತಾನ ಅಕ್ಕಾ. ಸೀದಾ ಕಂಪನಿ ಮಾಲ್ ಅಂತ, ಅಂಗಡಿಕಿಂತ ಸೋವಿ. ಹೋದ ವರ್ಷಾನೂ ಅವನ ಕಡೇನ ತಗೊಂಡಿದ್ವಿ.”

“ಬಿಲ್ಲು?”

“ಆಮ್ಯಾಲ ವಾಟ್ಸಾಪಿಗೆ ಹಾಕ್ತೀನಿ ಅಂದಿದ್ದ. ಹಾಕಿಲ್ಲ.”

“ತಮ್ಮಾ, ಈ ಪಾಕೀಟಿಂದು ನನಗ ಸಂಶೆ ಐತಿ. ಈ ಸ್ಟಿಕ್ಕರ್ ನಮ್ಮದಲ್ಲ.”

ಗದಿಗೆವ್ವನಿಗೆ ಸಿಟ್ಟು ಬಂತು. ಕರೆದು ತಟ್ಟೆ ಹಿಡಿದರೆ ಇವಳು ಬೀಜದಲ್ಲೇ ಹುಳುಕು ಹುಡುಕುತ್ತಾಳಲ್ಲ! “ಏನ ಮಾತಾಡ್ತೀಯವಾ? ಕಣ್ಣ ಕುಕ್ಕೂ ಹಂಗ ಮಿಂಚಾಕತ್ತೈತಿ, ಇನ್ನೇನ ಬೇಕು?”

“ಮಿಂಚೂದು ಊದಿನಕಡ್ಡಿ ಪುಡಿಕೆನೂ ಮಿಂಚತೈತಿ ದೊಡ್ಡವ್ವ.”

“ಹಂಗಾರ ಬಾ ಒಳಗ. ತೋರಸ್ತೀನಿ.”

ಗದಿಗೆವ್ವ ಅವಳನ್ನು ಪಡಸಾಲೆಯ ಕಪಾಟಿನ ಮುಂದೆ ನಿಲ್ಲಿಸಿದಳು. ಆ ಕಪಾಟಿನ ಕನ್ನಡಿಯ ಸುತ್ತ ಮಿಂಚು ಚೀಟಿಗಳ ಸಾಲು. ಬೀಜದ ಪಾಕೀಟು ಮನೆಗೆ ಬಂದ ಕೂಡಲೇ ಅದರ ಮೇಲಿನ ಸ್ಟಿಕ್ಕರನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಕನ್ನಡಿಯ ಸುತ್ತ ಹಚ್ಚುವುದು ಗದಿಗೆವ್ವನ ಹವ್ಯಾಸ. ಹೋದ ವರ್ಷದವು ಐದು, ಈ ವರ್ಷದವು ಮೂರು. ನಾಲ್ಕನೆಯದನ್ನು ಎಬ್ಬಿಸಲು ಪುರುಸೊತ್ತು ಸಿಕ್ಕಿರಲಿಲ್ಲ, ಅದೇ ಕೈಸರಳ ಕೈಗೆ ಬಂದದ್ದು.

“ನೋಡು, ಎಷ್ಟ ಚಂದ ಇಡಿಯಾಗಿ ಎದ್ದು ಬಂದಾವು! ಆಚೀ ವರ್ಷ ಬ್ಯಾಡಗಿ ಅಂಗಡಿಯಾಗ ತಂದಿದ್ವಲ್ಲ, ಅವಂತೂ ಬರೇ ಚೂರು ಚೂರು. ಒಂದೂ ಹಚ್ಚಾಕ ಬರಲಿಲ್ಲ. ಈಗ ಕಂಪನಿಯವರು ಸುಧಾರಿಸ್ಯಾರ.” ಗದಿಗೆವ್ವ ಹೆಮ್ಮೆಯಿಂದಲೇ ಹೇಳಿದಳು.

ಕೈಸರ ಕನ್ನಡಿಯ ಅಂಚಿನ ಒಂದು ಸ್ಟಿಕ್ಕರಿನ ಮೇಲೆ ಬೆರಳಾಡಿಸಿದಳು. ಆಮೇಲೆ ಕೇಳಿದಳು, “ಆಚೀ ವರ್ಷದ ಪಾಕೀಟ ಒಂದರ ಐತೇನು?”

ಗದಿಗೆವ್ವ ಏನನ್ನೂ ಒಗೆಯುವವಳಲ್ಲ. ಸೂಜಿ-ದಾರ ಇಟ್ಟಿದ್ದ ಹಳೆಯ ಪಾಕೀಟು ಗೋಡೆಯ ಗೂಡಿನಿಂದ ಕೆಳಗೆ ಇಳಿಯಿತು. ಅದರ ಬಾಯಿಯ ಮೇಲೆ ಅರ್ಧ ಹರಿದ ಸ್ಟಿಕ್ಕರ್ ಇನ್ನೂ ಇತ್ತು. ಕೈಸರ ಎಲ್ಲರನ್ನೂ ಅಂಗಳದ ಬಿಸಿಲಿಗೆ ಕರೆದಳು. ಒಂದು ಕೈಯಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು.

“ಇದಕ್ಕ ಹಾಲೋಗ್ರಾಂ ಅಂತಾರ. ಮೊದಲ ಹಳೇದು ನೋಡ್ರಿ. ಇತ್ಲಾಗ ವಾಲಿಸಿದ್ರ ಕಂಪನಿ ಗುರುತು ಕಾಣತೈತಿ, ಹೌದಿಲ್ಲೋ? ಅತ್ಲಾಗ ವಾಲಿಸಿದ್ರ ಗುರುತು ಹೋಗಿ ಎಲಿ ಚಿತ್ರ ಬರತೈತಿ. ಬಣ್ಣಾನೂ ಹಸರ ಇದ್ದದ್ದು ಕೆಂಪಾತು. ಈಗ ಹೊಸಾದು ಹಿಡೀರಿ. ಹೆಂಗ ವಾಲಿಸಿದ್ರೂ ಅದ ಚಿತ್ರ. ಬರೇ ಥಳಥಳ.”

ವಿಜಯಮಹಾಂತೇಶ ನಾಲ್ಕು ಸಲ ವಾಲಿಸಿ ನೋಡಿದ. ಚಿತ್ರ ಅಲ್ಲಾಡಲಿಲ್ಲ.

“ಇನ್ನ ಎಬ್ಬಿಸೂ ಮಾತು. ದೊಡ್ಡವ್ವ, ಖರೇ ಸ್ಟಿಕ್ಕರ್ ಇಡಿಯಾಗಿ ಬರಬಾರದು. ಎಬ್ಬಿಸಿದ್ರ ಹರದು ಚೂರಾಗಬೇಕು. ಒಂದ ಪಾಕೀಟಿಂದು ಕಿತ್ತು ಇನ್ನೊಂದಕ್ಕ ಯಾರೂ ಹಚ್ಚಬಾರದು ಅಂತನ ಹಂಗ ಮಾಡಿರತಾರ. ನೀವು ಕೆಟ್ಟದ್ದು ಅಂದ್ರಲ್ಲ, ಅದ ಚಲೋದು.”

ಗದಿಗೆವ್ವ ಇನ್ನೂ ಬಿಡಲಿಲ್ಲ. “ಎಲ್ಲಾ ಕಂಪನೀವೂ ಹಂಗ ಇರತಾವೇನು? ಇದು ಬ್ಯಾರೇ ನಮೂನಿ ಇರಬೇಕು.”

“ಒಂದೊಂದು ಕಂಪನೀದು ಒಂದೊಂದು ನಮೂನಿ, ಖರೇ. ಆದ್ರ ನಾ ಹೇಳಾಕತ್ತಿದ್ದು ನನ್ನ ಕೈಲೆ ನಾ ಹಚ್ಚೂ ಸ್ಟಿಕ್ಕರಿನ ಮಾತು. ಅದರ ಮ್ಯಾಲ ಒಂದೊಂದಕ್ಕ ಬ್ಯಾರೆ ಬ್ಯಾರೆ ನಂಬರ್ ಇರತಾವು. ಒಂದರ ನಂಬರ್ ಇನ್ನೊಂದಕ್ಕ ಬರೂದ ಇಲ್ಲ.”

ಶೈಲಶ್ರೀ ಕೊಡ ಇಳಿಸಿದಳು. ಒಳಗೆ ಹೋಗಿ ಕನ್ನಡಿಯ ಮುಂದೆ ನಿಂತಳು. ಸ್ಟಿಕ್ಕರಿನ ಅಂಚಿನಲ್ಲಿ ಇರುವೆ ಸಾಲಿನಂಥ ಸಣ್ಣ ಅಂಕಿಗಳು. ಮೊದಲನೆಯದನ್ನು ಓದಿದಳು. ಎರಡನೆಯದು. ಐದನೆಯದು. ಈ ವರ್ಷದ ಮೂರನ್ನೂ ಓದಿದಳು. ಹೊರಗೆ ಬಂದು ಪಾಕೀಟಿನ ಮೇಲಿದ್ದುದನ್ನೂ ನೋಡಿದಳು.

“ಅತ್ತೀ,” ಎಂದಳು. “ಒಂಬತ್ತೂ ಒಂದ ನಂಬರ್. ಹೋದ ವರ್ಷದ್ದೂ ಅದ, ಈ ವರ್ಷದ್ದೂ ಅದ.”

ಗದಿಗೆವ್ವ ಪಾಕೀಟನ್ನು ತೆಗೆದುಕೊಂಡು ತಾನೂ ಒಮ್ಮೆ ವಾಲಿಸಿ ನೋಡಿದಳು. ಹೋದ ವರ್ಷದ ಬೀಜವೇ ಖೋಟಾ. ಹಾಗಾದರೆ ಈ ಹುಡುಗಿಯ ಕೈ ಏನು ಮಾಡಿತ್ತು? ವರ್ಷವಿಡೀ ತಾನು ಆಡಿದ್ದು, ಓಣಿ ಆಡಿದ್ದು, ಇವಳು ನುಂಗಿದ್ದು ಎಲ್ಲ ಒಮ್ಮೆಲೇ ನೆನಪಾಯಿತು. ಸೊಸೆಯ ಮುಖ ನೋಡಲು ನಾಚಿಕೆಯಾಯಿತು.

“ತಪ್ಪಾತವಾ” ಎಂದಳು.

ವಿಜಯಮಹಾಂತೇಶನ ಚಿಂತೆಯೇ ಬೇರೆ. “ಮಡಿ ತಯಾರ್ ಐತಿ, ಹದಾ ಹೋಗತೈತಿ. ಇವತ್ತ ಹಾಕೇ ಬಿಡೋಣೇನು? ಎಷ್ಟ ಹುಟ್ಟತಾವೋ ಹುಟ್ಟಲಿ.”

“ನಾಕ ದಿವಸ ತಡಾ ಆದ್ರ ಬೆಳಿ ಹೋಗೂದಿಲ್ಲ ತಮ್ಮಾ. ಈ ಬೀಜ ಹಾಕಿದ್ರ ವರ್ಷಾನ ಹೋಗತೈತಿ” ಎಂದಳು ಕೈಸರ. “ಪಾಕೀಟ ಒಡೀಬ್ಯಾಡ್ರಿ. ನಾಳೆ ರೈತ ಸಂಪರ್ಕ ಕೇಂದ್ರಕ್ಕ ಹಂಗ ಒಯ್ದು ಕೊಡ್ರಿ. ನಾನೂ ನಮ್ಮ ಕಂಪನಿಯಾಗ ಹೇಳತೀನಿ.”

ಮರುದಿನ ಪಾಕೀಟುಗಳೂ ಕನ್ನಡಿಯ ಮೇಲಿನ ಸ್ಟಿಕ್ಕರುಗಳೂ ಕೃಷಿ ಅಧಿಕಾರಿಯ ಮೇಜಿಗೆ ಹೋದವು. ಅವರು ದೂರು ಬರೆದುಕೊಂಡು, ಬೀಜವನ್ನು ಪರೀಕ್ಷೆಗೆ ಕಳಿಸುವುದಾಗಿ ಹೇಳಿದರು. ಬೈಕಿನವನ ಫೋನು ಅಂದಿನಿಂದ ಹತ್ತಲಿಲ್ಲ. ಹೋದ ವರ್ಷದ ಬೆಳೆಗೆ ಪರಿಹಾರ ಕೇಳೋಣವೆಂದರೆ ಕೈಯಲ್ಲಿ ಬಿಲ್ಲೂ ಇರಲಿಲ್ಲ.

ಅಲ್ಲಿಂದ ಅತ್ತೆ, ಮಗ, ಸೊಸೆ ಮೂವರೂ ಬ್ಯಾಡಗಿಯ ಲೈಸೆನ್ಸ್ ಇರುವ ಬೀಜದ ಅಂಗಡಿಗೆ ಹೋದರು. ಶೈಲಶ್ರೀ ಒಂದೊಂದೇ ಪಾಕೀಟನ್ನು ಅಂಗಡಿಯ ಹೊರಗೆ ಬಿಸಿಲಿಗೆ ತಂದು ವಾಲಿಸಿದಳು, ನಂಬರು ಓದಿದಳು, ಯಾವ ತಂಡದ ಬೀಜವೆಂದು ಹೇಳುವ ಲಾಟ್ ನಂಬರ್ ಮತ್ತು ತಾರೀಖು ತಿದ್ದಿಲ್ಲವೆಂದು ನೋಡಿಕೊಂಡಳು. ಹಿಂದೆ ಗಿರಾಕಿಗಳ ಸಾಲು ಬೆಳೆಯಿತು. ಅಂಗಡಿಯವನು “ಲಗೂನ ನೋಡ್ರಿ ಅಕ್ಕಾರ” ಎಂದ. ಗದಿಗೆವ್ವ ಅವನ ಕಡೆ ತಿರುಗಿ, “ನನ್ನ ಸೊಸಿ ನೋಡಾಕತ್ತಾಳ, ತಡೀರಿ” ಎಂದಳು. ಬಿಲ್ಲಿನ ಮೇಲೆ ಲಾಟ್ ನಂಬರ್ ಬರೆಸಿಕೊಂಡೇ ಅಂಗಡಿ ಬಿಟ್ಟರು.

ಗುರುವಾರ ಬೆಳಿಗ್ಗೆ ಗದಿಗೆವ್ವ ಸಸಿ ಮಡಿಯ ಹತ್ತಿರ ಓಣಿಯ ಹೆಂಗಸರನ್ನೆಲ್ಲ ಕರೆದಳು. ಹೋದ ವರ್ಷ ಯಾರ ಮುಂದೆ ಆ ಮಾತು ಆಡಿದ್ದಳೋ, ಅವರಲ್ಲಿ ಒಬ್ಬರನ್ನೂ ಬಿಡಲಿಲ್ಲ.

“ಹೋದ ವರ್ಷ ಕೆಟ್ಟಿದ್ದು ಬೀಜ, ನನ್ನ ಸೊಸಿ ಕೈ ಅಲ್ಲ” ಎಂದಳು ದೊಡ್ಡ ದನಿಯಲ್ಲಿ. “ನಾ ತಿಳೀಲಾರದ ಅಂದೆ. ಅಂದಿದ್ದನ್ನ ನಿಮ್ಮೆಲ್ಲಾರ ಮುಂದ ವಾಪಸ್ ತಗೋತೀನಿ. ಇನ್ನ ಯಾರೂ ಆ ಮಾತ ಆಡಬ್ಯಾಡ್ರಿ.”

ತಟ್ಟೆಯನ್ನು ಸೊಸೆಯ ಕೈಗೆ ಕೊಟ್ಟಳು. ಶೈಲಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡು ಕೂತು, ಗೆರೆ ಎಳೆದು, ಬೀಜ ಹಾಕಿದಳು. ಖಾಲಿ ಪಾಕೀಟನ್ನು ಗದಿಗೆವ್ವ ಎತ್ತಿಕೊಳ್ಳಲು ಹೋದಾಗ, “ಅತ್ತೀ, ಅದರ ಸ್ಟಿಕ್ಕರ್ ಎಬ್ಬಿಸಬ್ಯಾಡ್ರಿ ಮತ್ತ. ಬೆಳಿ ಮನೀಗೆ ಬರೂತನ ಬಿಲ್ಲಿನ ಜೋಡಿ ಇಡಬೇಕು” ಎಂದಳು. ಹೆಂಗಸರೆಲ್ಲ ನಕ್ಕರು. ಗದಿಗೆವ್ವನೂ ನಕ್ಕಳು.

ಈ ಕಥೆ ಕೇಳಿದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಬೀಜ ಬರುತ್ತದೆ, ಕೀಟನಾಶಕ ಬರುತ್ತದೆ. ಮಿಂಚುವ ಸ್ಟಿಕ್ಕರ್ ಇದೆ ಎಂದು ಕಣ್ಣು ಮುಚ್ಚಿ ನಂಬಬೇಡಿ. ಬಿಸಿಲಲ್ಲಿ ಹಿಡಿದು ವಾಲಿಸಿ. ಚಿತ್ರ ಬದಲಾಗದಿದ್ದರೆ, ಸ್ಟಿಕ್ಕರ್ ಮೊದಲೇ ಎದ್ದಿದ್ದರೆ, ಎರಡು ಪಾಕೀಟಿಗೆ ಒಂದೇ ಕ್ರಮಸಂಖ್ಯೆ ಇದ್ದರೆ ಕೊಳ್ಳುವ ಮೊದಲು ಕೇಳಿ. ಕಂಪನಿಯ ಗುರುತು ಹೇಗಿರಬೇಕೆಂದು ಗೊತ್ತಿಲ್ಲದಿದ್ದರೆ ಪಾಕೀಟಿನ ಮೇಲಿನ ಫೋನ್ ನಂಬರನ್ನಷ್ಟೇ ನಂಬಬೇಡಿ, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಲೈಸೆನ್ಸ್ ಇರುವ ಅಂಗಡಿಯಲ್ಲಿಯೇ ಕೊಳ್ಳಿ, ಬಿಲ್ಲು ಬಿಡಬೇಡಿ. ಅನುಮಾನ ಬಂದರೆ ನಾಚಿಕೆ ಪಡದೆ ದೂರು ಕೊಡಿ.

ಬೆಳೆ ಕೆಟ್ಟರೆ ಮತ್ತೊಂದು ವರ್ಷ ಬೆಳೆಯಬಹುದು. ಮನೆಯವರ ಮನಸ್ಸು ಕೆಟ್ಟರೆ ಅಷ್ಟು ಸುಲಭವಾಗಿ ಸರಿಯಾಗುವುದಿಲ್ಲ. ಯಾರ ಕೈಯನ್ನಾದರೂ ದೂರುವ ಮುಂಚೆ ಪಾಕೀಟನ್ನು ಒಮ್ಮೆ ಬಿಸಿಲಿಗೆ ಹಿಡಿದು ನೋಡಿ.